ಬಾರದಾನ ಕಳೆದ ತೂಕ

ಇಂಡಿ ಪಟ್ಟಣದ ಪೇಟೆಯಲ್ಲಿ ನಾನು ತೊಗರಿ ತೂಗುತ್ತೇನೆ. ಹತ್ತೊಂಬತ್ತು ವರ್ಷದಿಂದ ರೈತರ ಮಾಲು ಮಾರಿಸಿಕೊಡುವ ಒಂದೇ ಅಡತಿ ಅಂಗಡಿ, ಒಂದೇ ಕೆಲಸ. ತುಂಬಿದ ಚೀಲ ಕಾಟಾದ ಮೇಲೆ ಕೂರುತ್ತದೆ, ನಾನು ಅಂಕಿ ನೋಡುತ್ತೇನೆ, ಅದರಲ್ಲಿ ಖಾಲಿ ಚೀಲದ ಒಂದು ಕಿಲೊ ಕಳೆದು ಉಳಿದದ್ದನ್ನು ಕೂಗಿ ಹೇಳಿ ಬರೆದುಕೊಳ್ಳುತ್ತೇನೆ. ಖಾಲಿ ಚೀಲಕ್ಕೆ ಪೇಟೆಯವರು ಬಾರದಾನ ಎನ್ನುತ್ತಾರೆ. ರೈತನಿಗೆ ಸಿಗುವುದು ಕಾಳಿನ ದುಡ್ಡು, ಬಾರದಾನದ್ದಲ್ಲ. ಹಗಲು ಈ ಕೆಲಸ ಮಾಡುತ್ತಲೇ ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದೆ. ಹಾಗಾಗಿ ಅರುಣಕುಮಾರನಿಗೆ ಲೆಕ್ಕ ಬರುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ನಾನು ಮಾತ್ರ ಬರೆದ ಪ್ರತಿ ಅಂಕಿಯನ್ನೂ ಎರಡು ಸಲ ನೋಡುತ್ತೇನೆ. ಎರಡನೇ ಸಲ ನೋಡಿದಾಗ, ಮೊದಲ ಸಲ ನೋಡಿದ್ದು ಸರಿಯಿತ್ತೇ ಎಂಬ ಅನುಮಾನ ಬರುತ್ತದೆ.

ಮಗಳು ಪಲ್ಲವಿಗೆ ಸೈಕಲ್ ಕೊಳ್ಳಬೇಕಾಗಿ ಬಂದಾಗ ಈ ಅನುಮಾನ ಹೆಚ್ಚಾಯಿತು.

ಪಲ್ಲವಿಗೆ ಹದಿನೈದು ವರ್ಷ. ಎರಡು ವರ್ಷದಿಂದ ಬೆಳಿಗ್ಗೆ ಐದಕ್ಕೆ ಎದ್ದು ಸೈಕಲ್ ಹೊಡೆಯಲು ರಸ್ತೆಗೆ ಹೋಗುತ್ತಾಳೆ. ಕ್ರೀಡಾ ವಸತಿ ನಿಲಯಕ್ಕೆ ಹುಡುಗಿಯರನ್ನು ಆರಿಸುವ ಸೈಕಲ್ ಓಟ ಈ ಸಲ ಮುದ್ದೇಬಿಹಾಳದಲ್ಲಿ ಎಂದು ಗೊತ್ತಾಯಿತು. ಹತ್ತು ಕಿಲೊಮೀಟರ್, ಒಬ್ಬೊಬ್ಬರೇ ಓಡಿಸಬೇಕು, ಗಡಿಯಾರ ನೋಡಿ ಎಂಟು ಮಂದಿಯನ್ನು ತೆಗೆದುಕೊಳ್ಳುತ್ತಾರೆ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ. ಅಂದರೆ ಇದೊಂದೇ ಸಲ. ಅವಳ ಹತ್ತಿರ ಇದ್ದದ್ದು ಹದಿನಾರು ಕಿಲೊ ಕಬ್ಬಿಣದ ಹಳೆಯ ಸೈಕಲ್ಲು.

ಅವಳಿಗೆ ಕಲಿಸುವ ಪರಮಾನಂದ ಸರ್ ನನ್ನನ್ನು ಕರೆದು ಹೇಳಿದರು.

"ಕಾರ್ಬನ್ ಸೈಕಲ್ ನಮ್ಮಂಥವರಿಗಲ್ಲ, ಅದನ್ನ ಬಿಡ್ರಿ. ಅಲ್ಯುಮಿನಿಯಂ ರೇಸಿಂಗ್ ಸೈಕಲ್ ತಗೊಳ್ರಿ. ತೂಕಾನೂ ನೋಡ್ರಿ, ರೇಟೂ ನೋಡ್ರಿ."

"ಯಾವದನ್ನ ಹೆಚ್ಚು ನೋಡಬೇಕ್ರಿ ಸರ್?"

"ಎರಡೂ ನೋಡ್ರಿ," ಎಂದು ಅವರು ಸೀಟಿ ಊದಿಕೊಂಡು ಹೊರಟುಬಿಟ್ಟರು.

ಎರಡೂ ನೋಡುವುದು ಹೇಗೆ ಎಂದು ನನಗೆ ತಿಳಿಯಲಿಲ್ಲ. ನಮ್ಮ ಪೇಟೆಯಲ್ಲಿ ತೂಕ ಏರಿದರೆ ದುಡ್ಡು ಏರುತ್ತದೆ. ಸೈಕಲ್ಲಿನಲ್ಲಿ ತೂಕ ಇಳಿದಷ್ಟು ದುಡ್ಡು ಏರುತ್ತದಂತೆ. ನನ್ನ ಹೆಂಡತಿ ಲಕ್ಕವ್ವನಿಗೆ ಇದನ್ನು ವಿವರಿಸಲು ಹೋಗಿ ಇನ್ನಷ್ಟು ಗೊಂದಲಕ್ಕೆ ಬಿದ್ದೆ.

"ಅಲ್ಯುಮಿನಿಯಂ ಅಂದ್ರ ಯಾವದ್ರಿ?" ಎಂದಳು.

"ನಮ್ಮ ಜರ್ಮನ್ ಬೋಗಾಣಿ ಐತೆಲ್ಲ, ಅದ."

"ಅಯ್ಯ! ಅನ್ನದ ಬೋಗಾಣಿ ಜರ್ಮನ್ನ? ಅದರ ಸೈಕಲ್ಲಿಗೆ ಅರವತ್ತು ಸಾವಿರ?"

"ಹಗುರ ಇರತೈತಿ. ಹಗುರ ಇದ್ದಷ್ಟು ತುಟ್ಟಿ."

"ನಾಲತವಾಡದ ಸಂತ್ಯಾಗ ನಮ್ಮವ್ವ ಬೋಗಾಣಿ ತಗೊಂಡಾಗ ಕಿಲೋದ ಲೆಕ್ಕದಾಗ ರೊಕ್ಕ ಕೊಟ್ಲು. ಭಾರ ಇದ್ದದ್ದಕ್ಕ ಹೆಚ್ಚು ರೊಕ್ಕ. ಹಗುರ ಇದ್ದದ್ದು ಬೇಕಂದ್ರ ತಳಾ ತೂತು ಬಿದ್ದದ್ದು ಒಂದೈತಿ ನೋಡ್ರಿ ಅಟ್ಟದ ಮ್ಯಾಲ. ಇನ್ನೂ ಹಗುರ ಐತಿ. ಅದಕ್ಕೆಷ್ಟು ಕೊಡ್ತೀರಿ?"

ಪಲ್ಲವಿ ತಟ್ಟೆಯ ಮುಂದೆ ಕುಳಿತು ನಗುತ್ತಿದ್ದಳು. ನಾನೂ ನಕ್ಕೆ. ಆದರೆ ಲಕ್ಕವ್ವ ಕೇಳಿದ್ದರಲ್ಲಿ ತಪ್ಪೇನಿದೆ ಎಂದು ಬಹಳ ಹೊತ್ತು ಯೋಚಿಸಿದೆ.

ಅರವತ್ತು ಸಾವಿರವನ್ನು ನಾವು ಇದಕ್ಕೆಂದೇ ತೆಗೆದಿಟ್ಟಿದ್ದೆವು. ಅದರ ಮೇಲೆ ಒಂದು ರೂಪಾಯಿಯೂ ಇರಲಿಲ್ಲ. ಓಟಕ್ಕೆ ಇನ್ನು ಇಪ್ಪತ್ತೆಂಟು ದಿನ ಇರುವಾಗ, ಒಂದು ಭಾನುವಾರ, ಪಲ್ಲವಿಯನ್ನು ಕರೆದುಕೊಂಡು ಸಿಂದಗಿಯ ಬಸ್ಸು ಹತ್ತಿದೆ. ಚೀಲದಲ್ಲಿ ನನ್ನ ಕೊಂಡಿ ಕಾಟಾ ಇತ್ತು. ಅಂಗೈಯಷ್ಟು ಯಂತ್ರ, ಕೆಳಗೆ ಒಂದು ಕೊಂಡಿ, ಎದುರಿಗೆ ಅಂಕಿ ಮೂಡುವ ಸಣ್ಣ ಗಾಜು. ಕಂಪನಿಯವರು ಕಾಗದದ ಮೇಲೆ ಏನು ಬೇಕಾದರೂ ಬರೆಯಬಹುದು. ನಾನು ತೂಗಿದರೆ ಮಾತ್ರ ನನಗೆ ನಂಬಿಕೆ.

ಸಿಂದಗಿಯ ಅಂಗಡಿಯನ್ನು ನಡೆಸುವವಳು ತರನ್ನುಮ ಎಂಬ ಮೂವತ್ತರ ಹೆಂಗಸು. ಅಪ್ಪನ ಪಂಕ್ಚರ್ ಅಂಗಡಿಯನ್ನು ಗಾಜಿನ ಬಾಗಿಲಿನ ಅಂಗಡಿ ಮಾಡಿದ್ದಾಳೆ. ಕೈಗೆ ಇನ್ನೂ ಗ್ರೀಸು ಹತ್ತಿರುತ್ತದೆ. ಎರಡು ಸೈಕಲ್ ತೋರಿಸಿದಳು. ಒಂದು ಕಪ್ಪು, ನಲವತ್ತೊಂದು ಸಾವಿರ. ಇನ್ನೊಂದು ನೀಲಿ, ಐವತ್ತೆಂಟು ಸಾವಿರ.

ನಾನು ಕಾಟಾ ಹೊರಗೆ ತೆಗೆದಾಗ ಅವಳು ಸೊಂಟದ ಮೇಲೆ ಕೈಯಿಟ್ಟಳು.

"ಅಣ್ಣಾರ, ಇದು ಸೈಕಲ್ಲರೀ, ತೊಗರಿ ಅಲ್ಲ."

"ನನಗ ತೂಗೂದೊಂದ ಬರತೈತಿ," ಎಂದೆ.

"ತೂಗ್ರಿ ತೂಗ್ರಿ. ಹುಡುಗೀನೂ ಒಂದ್ಸಲ ತೂಗಿಬಿಡ್ರಿ."

ಕಪ್ಪಿನದು ಹನ್ನೊಂದು ಕಿಲೊ ನಾನೂರು ಗ್ರಾಂ. ನೀಲಿಯದು ಹತ್ತು ಕಿಲೊ ಇನ್ನೂರು ಗ್ರಾಂ. ಆದರೆ ನೀಲಿ ಸೈಕಲ್ಲಿನ ಕಾಗದದಲ್ಲಿ ಒಂಬತ್ತು ಕಿಲೊ ಒಂಬೈನೂರು ಎಂದಿತ್ತು. ಬೆರಳಿಟ್ಟು ತೋರಿಸಿದೆ.

"ಕಂಪನಿಯವರು ಪೆಡಲ್ ಬಿಟ್ಟು ತೂಗ್ತಾರ್ರಿ," ಎಂದಳು ತರನ್ನುಮ. "ಎಲ್ಲಾ ಕಂಪನಿಯವರೂ ಹಂಗ."

"ಪೆಡಲ್ ಇಲ್ದ ಸೈಕಲ್ ಯಾರು ಹೊಡೀತಾರ?"

"ಚೀಲ ಇಲ್ದ ತೊಗರಿ ಯಾರು ತರ್ತಾರ್ರಿ? ನೀವೂ ಬಾರದಾನ ಕಳೀತೀರಿಲ್ಲ, ಹಂಗ."

ಪಲ್ಲವಿ ನೀಲಿ ಸೈಕಲ್ ಹತ್ತಿ ಅಂಗಡಿಯ ಮುಂದಿನ ರಸ್ತೆಯಲ್ಲಿ ಹೋಗಿ ಬಂದಳು. ಹೇಗಿದೆ ಎಂದು ನಾನು ಕೇಳಲಿಲ್ಲ. ಆಗ ನಾನು ಭಾಗಾಕಾರ ಮಾಡುತ್ತಿದ್ದೆ. ಐವತ್ತೆಂಟು ಸಾವಿರವನ್ನು ಹತ್ತು ಪಾಯಿಂಟ್ ಎರಡರಿಂದ ಭಾಗಿಸಿದರೆ ಕಿಲೊಗೆ ಐದು ಸಾವಿರದ ಆರುನೂರ ಎಂಬತ್ತಾರು. ಕಪ್ಪಿನದು ಕಿಲೊಗೆ ಮೂರು ಸಾವಿರದ ಆರುನೂರೂ ಆಗುವುದಿಲ್ಲ. ನಾನು ಕಲಿತ ಲೆಕ್ಕದ ಪ್ರಕಾರ ಕಪ್ಪಿನದೇ ಲಾಭ. ಆದರೆ ನಮಗೆ ಬೇಕಾಗಿದ್ದು ಕಿಲೊ ಅಲ್ಲ. ಹಾಗಾಗಿ ತಿರುಗಿಸಿ ಲೆಕ್ಕ ಮಾಡಿದೆ. ನೀಲಿಯದರಲ್ಲಿ ಒಂದು ಕಿಲೊ ಇನ್ನೂರು ಗ್ರಾಂ ಕಡಿಮೆ, ಹದಿನೇಳು ಸಾವಿರ ಹೆಚ್ಚು. ಅಂದರೆ ಇಲ್ಲದ ಒಂದು ಕಿಲೊಗೆ ಹದಿನಾಲ್ಕು ಸಾವಿರ ಕೊಟ್ಟ ಹಾಗೆ. ಇಲ್ಲದ ವಸ್ತುವಿಗೆ ದರ ಕಟ್ಟುವುದನ್ನು ಬಿ.ಕಾಂ.ನಲ್ಲಿ ಹೇಳಿಕೊಟ್ಟಿರಲಿಲ್ಲ. ಅಥವಾ ಆ ದಿನ ನಾನು ಕ್ಲಾಸಿಗೆ ಹೋಗಿರಲಿಲ್ಲವೋ ಏನೋ.

ವಿಚಾರ ಮಾಡಿ ಹೇಳುತ್ತೇನೆ ಎಂದು ಹೊರಟೆ. ಅಲ್ಲಿಂದ ಬಸವನ ಬಾಗೇವಾಡಿಗೆ ಹೋದೆವು. ಅಲ್ಲಿ ಅಮೋಘಸಿದ್ಧ ಎಂಬ ಹುಡುಗ ತನ್ನ ಹಳೆಯ ರೇಸಿಂಗ್ ಸೈಕಲ್ ಮಾರುತ್ತಾನೆಂದು ಪರಮಾನಂದ ಸರ್ ಹೇಳಿದ್ದರು. ಸೈಕಲ್ಲಿನಲ್ಲಿ ಗೆದ್ದು ರೈಲ್ವೆಯಲ್ಲಿ ನೌಕರಿ ಹಿಡಿದವನು. ರಜೆಗೆ ಬಂದಿದ್ದ. ನಲವತ್ನಾಲ್ಕು ಸಾವಿರ ಎಂದ.

ಧೂಳು ತಾಗಬಾರದೆಂದು ಸೈಕಲ್ಲಿಗೆ ಗೋಣಿಚೀಲ ಹೊಲಿದು ಸುತ್ತಿಟ್ಟಿದ್ದ. ಅವನೂ ಪಲ್ಲವಿಯೂ ಹೊಲಿಗೆ ಬಿಚ್ಚಿದರು. ಆ ಗೋಣಿಯ ವಾಸನೆಗೆ ನನಗೆ ನಮ್ಮ ಅಂಗಡಿಯಲ್ಲೇ ನಿಂತ ಹಾಗೆ ಅನ್ನಿಸಿತು. ಜಂತಿಗೆ ಕಾಟಾ ಕಟ್ಟಿ ಸೈಕಲ್ ತೂಗುಹಾಕಿದೆವು. ತಿರುಗದ ಹಾಗೆ ಅವರಿಬ್ಬರೂ ಗಾಲಿ ಹಿಡಿದಿದ್ದರು. ನಾನು ಅಂಕಿ ನೋಡಿ ಕೂಗಿದೆ.

"ಒಂಬತ್ತು ನಾಲ್ಕನೂರ!"

"ಒಂಬತ್ತಾ?" ಎಂದ ಅಮೋಘಸಿದ್ಧ. "ನಾ ಹತ್ತರ ಮ್ಯಾಲ ಐತಿ ಅನ್ಕೊಂಡಿದ್ದೆ. ಇಷ್ಟು ವರ್ಷ ಹೊಡದೂ ನನಗ ಗೊತ್ತಿಲ್ಲ ನೋಡ್ರಿ ಕಾಕಾ."

ಪುಸ್ತಕದಲ್ಲಿ ಬರೆದುಕೊಂಡೆ. ಎರಡು ಸಲ ನೋಡಿದೆ. ಬರೆದದ್ದು ಒಂಬತ್ತು ನಾಲ್ಕನೂರೇ ಇತ್ತು.

ಮನೆಗೆ ಬಂದ ಮೇಲೆ ನೆಮ್ಮದಿಯಾಗಬೇಕಿತ್ತು. ನೀಲಿಯದಕ್ಕಿಂತ ಎಂಟುನೂರು ಗ್ರಾಂ ಹಗುರ, ಹದಿನಾಲ್ಕು ಸಾವಿರ ಅಗ್ಗ. ಆದರೆ ಹಗುರವಾದದ್ದು ತುಟ್ಟಿಯಿರಬೇಕು ಎಂದು ನಾನು ಈಗಷ್ಟೇ ಕಲಿತಿದ್ದೆ. ಹಗುರವೂ ಅಗ್ಗವೂ ಆದದ್ದು ಯಾವ ಲೆಕ್ಕಕ್ಕೂ ಕೂಡಲಿಲ್ಲ. ಎಲ್ಲೋ ಬಿರುಕು ಬಿಟ್ಟಿದೆಯೇ? ಬಿದ್ದ ಸೈಕಲ್ಲೇ? ಪರಮಾನಂದ ಸರ್‌ಗೆ ಮೂರು ಸಲ ಫೋನ್ ಮಾಡಿದೆ. ಮೂರನೇ ಸಲ ಅವರು, "ಅರುಣಕುಮಾರ್, ಓಟ ಮುಗದ ಮ್ಯಾಲ ತಗೋತೀರೇನು?" ಎಂದರು. ಎರಡು ವಾರ ಹೀಗೇ ಮುಗಿಯುತ್ತ ಬಂತು.

ಕೊನೆಗೆ ಪಲ್ಲವಿಯನ್ನು ಕೇಳಿದೆ. ಕೇಳಿದೆ ಎನ್ನುವುದು ಪೂರ್ತಿ ಸರಿಯಲ್ಲ. "ಹತ್ರ ಹತ್ರ ಒಂದು ಕಿಲೊ ಅಂದ್ರ ಸಣ್ಣದಲ್ಲವಾ. ಹಗುರನೂ ಐತಿ, ಸೋವಿನೂ ಐತಿ. ಬಾಗೇವಾಡಿದ ತಗೋಳೂಣಲ್ಲ?" ಎಂದೆ. ಅವಳು ನನ್ನ ಮುಖ ನೋಡಿ, "ಹೂಂ ಅಪ್ಪಾ," ಎಂದಳು.

ಮುಂದಿನ ಭಾನುವಾರ ಹೋಗಿ ಸೈಕಲ್ ತಂದೆವು. ಅಮೋಘಸಿದ್ಧನೇ ಅದನ್ನು ಟೆಂಪೊದಲ್ಲಿ ಕಟ್ಟಿಸಿಕೊಟ್ಟ. ಅವನು ಕಟ್ಟಿಸುವಾಗ ನಾನು ಚಹಾ ಕುಡಿಯಲು ಹೋಗಿದ್ದೆ. ಓಟಕ್ಕೆ ಹದಿನಾಲ್ಕು ದಿನ ಉಳಿದಿತ್ತು.

ಸೋಮವಾರ ಬೆಳಿಗ್ಗೆ, ಕಾರಣವೇನೂ ಇಲ್ಲದೆ, ಸೈಕಲ್ಲನ್ನು ಮತ್ತೊಮ್ಮೆ ತೂಗಿದೆ. ಹತ್ತು ಕಿಲೊ ನಾಲ್ಕನೂರು.

ಕಾಟಾ ಕೆಟ್ಟಿದೆ ಎಂದುಕೊಂಡೆ. ಅಂಗಡಿಯಿಂದ ಸರಕಾರಿ ಮೊಹರಿನ ಐದು ಕಿಲೊ ಕಲ್ಲು ತಂದು ತೂಗಿದೆ. ಐದೇ ತೋರಿಸಿತು. ಸೈಕಲ್ ತೂಗಿದೆ. ಹತ್ತು ನಾಲ್ಕನೂರು. ಪುಸ್ತಕ ತೆಗೆದೆ. ಒಂಬತ್ತು ನಾಲ್ಕನೂರು, ನನ್ನದೇ ಅಕ್ಷರ. ಕಾಟಾ ಸುಳ್ಳಲ್ಲ, ಪುಸ್ತಕ ಸುಳ್ಳಲ್ಲ. ಹಾಗಾದರೆ ಸೈಕಲ್ಲೇ ಬದಲಾಗಿದೆ. ನಾನು ಚಹಾ ಕುಡಿಯಲು ಹೋಗಿದ್ದು ನೆನಪಾಯಿತು. ಬಾಗೇವಾಡಿಗೆ ಫೋನ್ ಮಾಡಿದೆ.

"ಅಮೋಘಸಿದ್ಧ, ಸೈಕಲ್ಲಿನ ಗಾಲಿ ಏನರೆ ಬದಲಿ ಆಗ್ಯಾವೇನಪಾ?"

"ಯಾಕ್ರಿ ಕಾಕಾ?"

"ಮೊದಲ ತೂಗಿದಾಗ ಇದ್ದದ್ದಕ್ಕಿಂತ ಒಂದ ಕಿಲೊ ಹೆಚ್ಚಾಗೈತಿ. ನಾ ಚಹಾಕ್ಕ ಹೋಗಿದ್ದೆ, ಆಗೇನರೆ…"

"ಅಂದ್ರ ನಾ ಕಳ್ಳ ಅಂತೀರಿ."

"ಹಂಗಲ್ಲಪಾ…"

"ಹಂಗ ಅದು. ಕಾಕಾ, ಆ ಸೈಕಲ್ ಮ್ಯಾಲ ಕುಂತು ನಾ ನೌಕರಿ ತಗೊಂಡೇನಿ. ಅದರ ಗಾಲಿ ನಾ ಕಳವು ಮಾಡ್ತೇನೇನು?"

ಫೋನ್ ಇಟ್ಟುಬಿಟ್ಟ. ಅವನ ಸಿಟ್ಟು ನಿಜದ ಸಿಟ್ಟೋ ಸಿಕ್ಕಿಬಿದ್ದವನ ಸಿಟ್ಟೋ ತಿಳಿಯಲಿಲ್ಲ. ಪಲ್ಲವಿಗೆ ಏನೂ ಹೇಳಲಿಲ್ಲ. ಅವಳು ದಿನಾ ಆ ಸೈಕಲ್ಲಿನಲ್ಲಿ ಹೋಗಿ, ಬಂದ ಮೇಲೆ ಕುತ್ತಿಗೆ ಹಿಂದೆ ಉಜ್ಜಿಕೊಳ್ಳುತ್ತಿದ್ದಳು. ನಾನು ಅದನ್ನು ನೋಡುತ್ತಿದ್ದೆ. ನನ್ನ ತಲೆಯಲ್ಲಿ ಒಂದು ಕಿಲೊ ಮಾತ್ರ ಇತ್ತು.

ಗುರುವಾರ ಲಚ್ಯಾಣದ ಹಣಮಂತ್ರಾಯ ಎಂಬ ಹಿರಿಯ ರೈತ ತೊಗರಿ ತಂದಿದ್ದ. ಎಲ್ಲ ಚೀಲ ತೂಗಿಯಾದ ಮೇಲೆ ಬುಟ್ಟಿಯಲ್ಲಿ ಸ್ವಲ್ಪ ಕಾಳು ಉಳಿದಿತ್ತು. ನಾನೇ ಖಾಲಿ ಬುಟ್ಟಿಯನ್ನು ಕಾಟಾದ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತಂದೆ. ಕಾಳು ಸುರಿಸಿದೆ. ನೋಡಿ ಕೂಗಿದೆ.

"ಹನ್ನೆರಡ!"

ಹಣಮಂತ್ರಾಯ ಕಾಟಾದ ಮೇಲೆ ಬಗ್ಗಿದ. ಅವನ ಕನ್ನಡಕ ಮೂಗಿನ ತುದಿಗಿತ್ತು.

"ಏ ಅರುಣಪ್ಪ, ಇಲ್ಲಿ ಹದಿಮೂರು ಕಾಣತೈತಿ."

"ಬಾರದಾನ ಕಳದು ಹನ್ನೆರಡು."

"ಬಾರದಾನ ಎಲ್ಲೈತೋ? ಬುಟ್ಟಿ ಆಗಲೇ ಸೊನ್ನಿ ಮಾಡೀದಿ. ನನ್ನ ರುಮಾಲಿನ ತೂಕ ಕಳೀತೀ ಏನು?"

ಸುತ್ತಲಿದ್ದ ಹಮಾಲರು ನಕ್ಕರು. ನಾನು ಹನ್ನೆರಡನ್ನು ಹೊಡೆದು ಹದಿಮೂರು ಮಾಡಿದೆ. ಪೆನ್ನು ಅಲ್ಲೇ ನಿಂತಿತು. ಬಾಗೇವಾಡಿಯ ಆ ಗೋಣಿಯ ವಾಸನೆ ಮೂಗಿಗೆ ಬಂದ ಹಾಗಾಯಿತು. ಅಲ್ಲಿ ಗೋಣಿ ಬಿಚ್ಚಿ ಕೆಳಗೆ ಬಿದ್ದಿತ್ತು. ಗಾಜಿನಲ್ಲಿ ಹತ್ತು ನಾಲ್ಕನೂರು ಇತ್ತು. ನನ್ನ ಬಾಯಿ ತಾನಾಗಿಯೇ ಬಾರದಾನ ಕಳೆದು ಕೂಗಿತ್ತು. ಎರಡು ಸಲ ನೋಡಿದ್ದು ನಾನು ಬರೆದದ್ದನ್ನು, ಗಾಜನ್ನಲ್ಲ.

ಹತ್ತೊಂಬತ್ತು ವರ್ಷದಲ್ಲಿ ಇನ್ನೆಷ್ಟು ಬುಟ್ಟಿಗಳಲ್ಲಿ ಹೀಗೆ ಕಳೆದಿದ್ದೇನೋ ಎಂಬ ಯೋಚನೆ ಬಂತು. ಆ ಯೋಚನೆ ಇನ್ನೂ ಹೋಗಿಲ್ಲ.

ಸಂಜೆ ಪಲ್ಲವಿಯನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ನೀಲಿ ಸೈಕಲ್ಲೇ ಇದಕ್ಕಿಂತ ಇನ್ನೂರು ಗ್ರಾಂ ಹಗುರವಿತ್ತು, ನನ್ನ ತಪ್ಪಿನಿಂದ ಇದು ಬಂತು ಎಂದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಉಸಿರು ಬಿಟ್ಟಳು.

"ಹಂಗಾರ ಹೇಳಲೇನಪ್ಪಾ? ಈ ಸೈಕಲ್ ನನಗ ದೊಡ್ಡದಾಗತೈತಿ. ಸೀಟು ಪೂರಾ ಕೆಳಗ ಇಳಸೀನಿ, ಆದ್ರೂ ಹ್ಯಾಂಡಲ್ ದೂರ. ಕುತ್ತಿಗಿ ಹಿಡೀತೈತಿ."

"ಮೊದಲ ಯಾಕ ಹೇಳಲಿಲ್ಲವಾ?"

"ಒಂದು ಕಿಲೊ ಅಂದ್ರ ಸಣ್ಣದಲ್ಲ ಅಂದಿ ನೀನ. ಒಂದು ಕಿಲೊಕ್ಕ ಕುತ್ತಿಗಿ ತಡಕೋಬೇಕು ಅಂತ ಸುಮ್ಕಿದ್ದೆ."

ಒಳಗಿನಿಂದ ಲಕ್ಕವ್ವ, "ಬೋಗಾಣಿ ತಗೊಳ್ಳೂಮುಂದ ಮುಚ್ಚಳ ಕೂಡತೈತೋ ಇಲ್ಲೋ ಅಂತ ಮೊದಲ ನೋಡ್ತೇವ್ರಿ ನಾವು," ಎಂದು ಕೂಗಿದಳು.

ಶುಕ್ರವಾರ ರಜೆ ಹಾಕಿ, ಸೈಕಲ್ಲನ್ನು ಟೆಂಪೊದಲ್ಲಿ ಹೇರಿಸಿಕೊಂಡು, ಪಲ್ಲವಿಯ ಜೊತೆ ಬಾಗೇವಾಡಿಗೆ ಹೋದೆ. ಫೋನ್‌ನಲ್ಲಿ ಹೇಳಲು ಧೈರ್ಯ ಬಂದಿರಲಿಲ್ಲ. ಅಮೋಘಸಿದ್ಧ ಬಾಗಿಲಲ್ಲಿ ನಿಂತು, ಕೂಡ್ರಿ ಎಂದೂ ಹೇಳಲಿಲ್ಲ.

"ಏನು ಕಾಕಾ, ಇನ್ನೊಂದ ಕಿಲೊ ಹೆಚ್ಚಾತೇನು?"

"ಇಲ್ಲಪಾ. ತಪ್ಪು ನಂದು. ಗೋಣಿ ನೋಡಿ ಬಾರದಾನ ಕಳದಬಿಟ್ಟೆ. ನಿನಗ ಅನ್ನಬಾರದ್ದು ಅಂದೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಗೋಡೆಗೆ ಒರಗಿ ನಕ್ಕ. ನಗು ನಿಂತ ಮೇಲೆ ಅವನ ಮುಖ ಮತ್ತೆ ಗಂಭೀರವಾಯಿತು.

"ನಗೂ ಬರತೈತಿ, ಸಿಟ್ಟೂ ಬರತೈತಿ ಕಾಕಾ. ಆ ದಿನ ನಾ ಊಟ ಮಾಡಿಲ್ಲ."

ನಾನು ತಲೆ ತಗ್ಗಿಸಿದೆ. ಅವನು ಪಲ್ಲವಿಯನ್ನು ಸೈಕಲ್ ಮೇಲೆ ಕೂರಲು ಹೇಳಿ ಬದಿಯಿಂದ ನೋಡಿದ.

"ಅಯ್ಯ ತಂಗಿ, ಗಿಡಾ ಹತ್ತಿದ ಹಂಗ ಕುಂತೀಯಲ್ಲ. ನನಗೂ ಆ ದಿನ ಅನಸಿತ್ತು. ನಿಮ್ಮಪ್ಪ ಗ್ರಾಂ ಗ್ರಾಂ ಲೆಕ್ಕ ಹಾಕೂದು ನೋಡಿ, ಇವರಿಗೆ ಎಲ್ಲಾ ಗೊತ್ತೈತಿ ಅಂತ ಸುಮ್ನಾದೆ. ನಂದೂ ತಪ್ಪು."

ಸೈಕಲ್ ವಾಪಸು ತೆಗೆದುಕೊಂಡ. ಒಳಗೆ ಹೋಗಿ ನೋಟು ತಂದು ಕೈಗಿಟ್ಟ. ಎಣಿಸಿದೆ. ನಲವತ್ಮೂರು ಸಾವಿರ. ಮತ್ತೆ ಎಣಿಸಲು ಹೊರಟೆ.

"ಸರಿ ಐತ್ರಿ ಕಾಕಾ," ಎಂದ ಅಮೋಘಸಿದ್ಧ. "ಒಂದು ಸಾವಿರ ಬಾರದಾನ ಕಳದೇನಿ."

ಪಲ್ಲವಿ ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ನೋಟು ಒಳಗಿಟ್ಟುಕೊಂಡೆ. ನ್ಯಾಯವಾಗಿಯೇ ಕಳೆದಿದ್ದಾನೆ ಎನ್ನಿಸಿತು.

ಅಲ್ಲಿಂದ ನೇರವಾಗಿ ಸಿಂದಗಿ. ನೀಲಿ ಸೈಕಲ್ ಇನ್ನೂ ಅಲ್ಲೇ ಇತ್ತು.

"ಬರ್ತೀರಿ ಅಂತ ಗೊತ್ತಿತ್ರಿ," ಎಂದಳು ತರನ್ನುಮ. "ಆ ದಿನ ಹುಡುಗಿ ಇಳಿಯೂಮುಂದ ಸೀಟು ಸವರಿ ಇಳದಿದ್ಲು. ನೀವು ಮೊಬೈಲ್‌ದಾಗ ಲೆಕ್ಕ ಮಾಡಾಕತ್ತಿದ್ರಿ."

ನಾನು ಚೀಲದಿಂದ ಕಾಟಾ ತೆಗೆದೆ.

"ಮತ್ತ?" ಎಂದಳು.

"ಈ ಸಲ ನೀವು ಓದ್ರಿ. ನಾ ಓದೂದಿಲ್ಲ."

"ಹತ್ತು ಇನ್ನೂರು," ಎಂದು ಅವಳು ಓದಿದಳು. ಅವಳು ಓದಿದ್ದನ್ನು ಪಲ್ಲವಿಯಿಂದ ಇನ್ನೊಮ್ಮೆ ಓದಿಸಿದೆ. ಆಮೇಲೆ, ಮೊದಲ ದಿನವೇ ಕೇಳಬೇಕಿದ್ದನ್ನು ಕೇಳಿದೆ. "ಹೆಂಗನಸತೈತಿ?"

"ಕುಂತದ್ದ ಗೊತ್ತಾಗೂದಿಲ್ಲಪ್ಪಾ," ಎಂದಳು ಪಲ್ಲವಿ.

ಐವತ್ತೆಂಟು ಸಾವಿರ ಕೊಟ್ಟೆ. ಇನ್ನೂರು ಗ್ರಾಂಗೆ ಹದಿನಾಲ್ಕು ಸಾವಿರ ಹೆಚ್ಚು ಕೊಟ್ಟೆನೋ, ಕುತ್ತಿಗೆಗೆ ಕೊಟ್ಟೆನೋ, ಹೊಸತು ಎಂಬುದಕ್ಕೆ ಕೊಟ್ಟೆನೋ, ದಾರಿಯುದ್ದಕ್ಕೂ ಹಂಚಿ ನೋಡಿದೆ. ಹಂಚಿಕೆ ಕೂಡಲಿಲ್ಲ.

ಅಂದಿನಿಂದ ಒಂಬತ್ತು ದಿನಕ್ಕೆ ಓಟ. ಮುದ್ದೇಬಿಹಾಳದಿಂದ ನಾಲತವಾಡದ ಕಡೆಗೆ ಐದು ಕಿಲೊಮೀಟರ್ ಹೋಗಿ ತಿರುಗಿ ಬರಬೇಕು. ಮೂವತ್ತೊಂದು ಹುಡುಗಿಯರು. ಒಬ್ಬಳು ಹೋದ ಒಂದು ನಿಮಿಷಕ್ಕೆ ಇನ್ನೊಬ್ಬಳನ್ನು ಬಿಡುತ್ತಿದ್ದರು. ಪಲ್ಲವಿಯ ಸರದಿ ಬಂದಾಗ ನಾನು ನೀರಿನ ಬಾಟಲಿಯನ್ನು ಸೈಕಲ್ಲಿಗೆ ಸಿಕ್ಕಿಸಿದೆ. ಅವಳು ಅದನ್ನು ತೆಗೆದು ನನ್ನ ಕೈಗೆ ಕೊಟ್ಟಳು.

"ಬ್ಯಾಡಪ್ಪಾ. ಅರ್ಧ ಕಿಲೊ ಐತಿ."

"ಬಾಯಿ ಒಣಗಿದ್ರ?"

ಅವಳು ಆಗಲೇ ಗೆರೆಯ ಮೇಲೆ ಹೋಗಿ ನಿಂತಿದ್ದಳು. ಸೀಟಿ ಊದಿದರು. ನಾನು ಬಾಟಲಿ ಹಿಡಿದುಕೊಂಡು ರಸ್ತೆಯ ಬದಿಯಲ್ಲಿ ನಿಂತೆ. ಬಿಸಿಲು ಏರಿತ್ತು. ಗ್ರಾಂ ಲೆಕ್ಕ ಕಲಿಸಿದವನು ನಾನೇ. ಈಗ ನೀರು ಬೇಕೆಂದು ಯಾವ ಬಾಯಿಂದ ಹೇಳಲಿ? ಬಾಟಲಿಯನ್ನು ಒಮ್ಮೆ ಬಲಗೈಗೆ, ಒಮ್ಮೆ ಎಡಗೈಗೆ ಬದಲಿಸಿದೆ. ಹದಿನೆಂಟು ನಿಮಿಷದ ಮೇಲೆ ನೀಲಿ ಬಣ್ಣ ಕಂಡಿತು. ಬೆನ್ನು ಬಾಗಿಸಿ, ಕುತ್ತಿಗೆ ನೇರ ಇಟ್ಟು ಬಂದಳು. ಗೆರೆ ದಾಟಿ ಸ್ವಲ್ಪ ಮುಂದೆ ಹೋಗಿ ನಿಂತು, ಇಳಿದು, ಬಂದು, ಬಾಟಲಿ ಪೂರ್ತಿ ಖಾಲಿ ಮಾಡಿದಳು.

ಮಧ್ಯಾಹ್ನ ಪಟ್ಟಿ ಅಂಟಿಸಿದರು. ಪಲ್ಲವಿಯ ಹೆಸರು ಏಳನೆಯದು. ಎಂಟನೆಯ ಹೆಸರಿನ ಕೆಳಗೆ ಒಂದು ಗೆರೆ ಎಳೆದಿದ್ದರು. ಪರಮಾನಂದ ಸರ್ ನನ್ನ ಬೆನ್ನಿಗೆ ಹೊಡೆದು ಹೋದರು. ಆರನೆಯವಳಿಗೂ ಇವಳಿಗೂ ನಾಲ್ಕು ಸೆಕೆಂಡು, ಒಂಬತ್ತನೆಯವಳಿಗೂ ಇವಳಿಗೂ ಆರು ಸೆಕೆಂಡು. ಆ ಆರು ಸೆಕೆಂಡು ಬಂದದ್ದು ಸೈಕಲ್ಲಿನಿಂದಲೋ, ಹ್ಯಾಂಡಲ್ಲಿನಿಂದಲೋ, ಬಿಟ್ಟು ಹೋದ ನೀರಿನಿಂದಲೋ ಎಂದು ನಿಂತು ಯೋಚಿಸುತ್ತಿರುವಾಗ ಲಕ್ಕವ್ವನ ಫೋನ್ ಬಂತು.

"ಏನಾತ್ರಿ?"

"ಏಳನೇದು."

"ಏಳನೇದು ಅಂದ್ರ ಛಲೋನೋ ಕೆಟ್ಟೋ?"

"ಎಂಟು ಮಂದೀನ ತಗೋತಾರ."

ಆ ಕಡೆ ಅವಳು ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಆಮೇಲೆ ಮೂಗೆಳೆದುಕೊಂಡು ಕೇಳಿದಳು.

"ಅಲ್ರೀ, ಬಾರದಾನ ಕಳದು ಏಳೋ, ಕಳೀದ ಏಳೋ?"

"ಏ, ಸುಮ್ನಿರ," ಎಂದು ಗದರಿ ಫೋನ್ ಇಟ್ಟೆ.

ಪಲ್ಲವಿ ಗೆಳತಿಯರ ಜೊತೆ ಮರದ ಕೆಳಗಿದ್ದಳು. ನಾನು ಅವಳ ಕಡೆ ನಾಲ್ಕು ಹೆಜ್ಜೆ ನಡೆದೆ, ನಿಂತೆ. ತಿರುಗಿ ಪಟ್ಟಿಯ ಹತ್ತಿರ ಹೋದೆ. ಒಂದು ಕಳೆದು ಏಳಾಗಿದ್ದರೂ ಎಂಟೇ ಆಗುತ್ತದೆ, ಗೆರೆಯ ಮೇಲೆಯೇ ಇರುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ಕನ್ನಡಕ ಒರೆಸಿಕೊಂಡು, ಮೊದಲನೆಯ ಹೆಸರಿನ ಮೇಲೆ ಬೆರಳಿಟ್ಟು, ಒಂದರಿಂದ ಎಣಿಸತೊಡಗಿದೆ.